ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ: ಮಳೆಗಾಲಗಳು ಕಳೆದ ಮೇಲೆ ಬರೆದದ್ದು

4ನೇ ಜನರೇಷನ್ನಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಇಂಥ ಡೆಸ್ಕ್‌ಟಾಪ್ ನಿಮ್ಮಲ್ಲೂ ಇದ್ದು, ಗುಜರಿಗೆ ಹಾಕುವ ಯೋಚನೆ ಬಂದಿದ್ದರೆ ಸ್ವಲ್ಪ ತಡೆಯಿರಿ. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯಲ್ಲಿರುವುದು ಇದೇ ಮಾದರಿ. ಅದಕ್ಕೆ ಹಾರ್ಡ್ ಡಿಸ್ಕಿನ ಬದಲಿಗೆ, ಫೈಲುಗಳನ್ನು ಚಿಪ್ಪಿನಲ್ಲಿ ಉಳಿಸುವ 480 ಜಿಬಿಯ ಕ್ರೂಶಿಯಲ್ ಬಿಎಕ್ಸ್500 ಎಸ್‌ಎಸ್‌ಡಿ ಹಾಕಿಸಿ ಕೆಲವು ಮಳೆಗಾಲ ಕಳೆದಿವೆ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಕೇರಳ ಶಾಲೆಗಳ ಸಮಗ್ರ ಪೋರ್ಟಲಿನಿಂದ ಪಾಠದ ಸಾಮಗ್ರಿ ಇಳಿಸುವುದು, ಮಾವನವರ ಅಡಿಕೆ ತೋಟದ ಲೆಕ್ಕ, ಮಗಳ ಐಟಿ ಪಾಠ, ಎಲ್ಲವೂ ಇದೊಂದರಲ್ಲೇ ನಡೆಯುತ್ತದೆ.

ಮೊದಲು ಹೇಗಿತ್ತು ಅಂದರೆ, ಸ್ವಿಚ್ ಹಾಕಿ ಚಹಾಕ್ಕೆ ನೀರಿಟ್ಟು ಬಂದರೂ ಪರದೆಯಲ್ಲಿ ವೃತ್ತ ತಿರುಗುತ್ತಲೇ ಇರುತ್ತಿತ್ತು. ಡೆಸ್ಕ್‌ಟಾಪ್ ಕಾಣಿಸಿದ ಮೇಲೂ ಬ್ರೌಸರ್ ತೆರೆಯಲು ಇನ್ನಷ್ಟು ಕಾಯಬೇಕು. ಪೇಟೆಯ ಒಂದು ಅಂಗಡಿಯವರು ಕ್ಯಾಬಿನೆಟ್ ಬಿಚ್ಚಿಯೂ ನೋಡದೆ ಹೊಸದು ತೆಗೆದುಕೊಳ್ಳಿ ಅಂದುಬಿಟ್ಟರು. ನನಗೆ ಒಪ್ಪಿಗೆಯಾಗಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು 10 ಶೇಕಡಾದ ಆಸುಪಾಸಿನಲ್ಲಿ ಸುಮ್ಮನಿತ್ತು, ಡಿಸ್ಕ್ ಮಾತ್ರ 100ರಲ್ಲಿ ನಿಂತಿತ್ತು. ನಿಮ್ಮ ಯಂತ್ರ ನಿಧಾನವಾಗಿದ್ದರೆ ದುಡ್ಡು ಖರ್ಚು ಮಾಡುವ ಮೊದಲು ಈ ಎರಡು ಅಂಕಿಗಳನ್ನು ನೋಡಿ.

ಬದಿಯಡ್ಕದ ರಿಪೇರಿಯವರು ಅದನ್ನೇ ಹೇಳಿದರು: "ಟೀಚರೇ, ಪ್ರೊಸೆಸರಿಗೆ ಏನೂ ಆಗ್ಲಿಲ್ಲ. ಅದು ಡಿಸ್ಕಿಗೆ ಕಾದುಕೊಂಡು ಕೂತಿರುದು." ನಮ್ಮ ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೇ 8 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಓದುವ ತಲೆ ಬೇಕಾದ ಜಾಗಕ್ಕೆ ಸರಿಯುವ ಹೊತ್ತೂ ಸೇರಿದರೆ ಅಲ್ಲಲ್ಲಿ ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರಷ್ಟು ಸಲ ಓದಿದರೆ ಹೆಚ್ಚು. ವಿಂಡೋಸ್ ಏಳುವಾಗ ಬೇಕಾಗುವುದು ಅಂಥ ಸಾವಿರಾರು ಸಣ್ಣ ಓದುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದು ಸೆಕೆಂಡಿಗೆ ಹತ್ತಾರು ಸಾವಿರ ಓದುಗಳನ್ನು ಮಾಡುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಸೆಕೆಂಡಿಗೆ 540 ಎಂಬಿ ವೇಗಕ್ಕಿಂತ ಮನೆಯ ಬಳಕೆಯಲ್ಲಿ ಲೆಕ್ಕಕ್ಕೆ ಬರುವುದು ಇದು.

ಅವರು ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿದೆ. ಪ್ರೊಸೆಸರಿನ ಫ್ಯಾನ್ ಎತ್ತಿದರೆ ಅಡಿಯಲ್ಲಿ ಧೂಳು ಕಂಬಳಿಯ ಹಾಗೆ ಹಾಸಿತ್ತು, ಪ್ರೊಸೆಸರಿನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ರ‍್ಯಾಮ್ ಕಡ್ಡಿಯ ಹಳದಿ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಕಪ್ಪು ತೆಗೆದರು. ನಮ್ಮ ಕಡೆಯ ತೇವಕ್ಕೆ ಇದು ಬೇಕೇ ಬೇಕು. ಇನ್ನೊಂದು 4 ಜಿಬಿಯ ಡಿಡಿಆರ್3 ಕಡ್ಡಿ ಸೇರಿಸಿದರು. ಎಚ್81 ಚಿಪ್‌ಸೆಟ್ಟಿನ ನಮ್ಮ ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ನಾಲ್ಕು ಸಾಟಾ ಪೋರ್ಟುಗಳಿದ್ದರೂ 6 ಜಿಬಿಪಿಎಸ್ ವೇಗದವು ಎರಡೇ, ಉಳಿದೆರಡು 3 ಜಿಬಿಪಿಎಸ್. ಎಸ್‌ಎಸ್‌ಡಿಯ ಕೇಬಲನ್ನು ವೇಗದ ಪೋರ್ಟಿಗೇ ಚುಚ್ಚಿದರು, ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯೋಸಿನಲ್ಲಿ ಎಸ್‌ಎಸ್‌ಡಿಗೆ ಸರಿಹೊಂದುವ ಎಎಚ್‌ಸಿಐ ವಿಧಾನ ಇದೆಯೇ ಎಂದೂ ನೋಡಿದರು. ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಬ್ಯಾಟರಿಯನ್ನೂ ಬದಲಿಸಿದರು. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು ಹಿಂದಕ್ಕೆ ಹಾರಿ, ಬ್ಯಾಂಕಿನ ಸೈಟು ಸುರಕ್ಷಿತವಲ್ಲ ಎಂದು ತೋರಿಸುತ್ತಿದ್ದ ಕಾಟ ಅಲ್ಲಿಗೆ ತಪ್ಪಿತು. ಹಳೆಯ ವಿಂಡೋಸನ್ನು ಹಾಗೇ ನಕಲು ಮಾಡದೆ ಹೊಸದಾಗಿಯೇ ಹಾಕಿಸಿದೆ.

ಈಗ ಅರ್ಧ ನಿಮಿಷದೊಳಗೆ ಕೆಲಸಕ್ಕೆ ಕೂರಬಹುದು. ಎಲ್ಲ ಸೇರಿ ಆದ ಖರ್ಚು ಹೊಸ ಕಂಪ್ಯೂಟರಿನ ಬೆಲೆಯಲ್ಲಿ ಒಂದು ಸಣ್ಣ ಪಾಲು. ದೊಡ್ಡ ಬದಲಾವಣೆ ಬಂದದ್ದು ಎಸ್‌ಎಸ್‌ಡಿಯಿಂದ. ರ‍್ಯಾಮಿನ ಉಪಕಾರ ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದಾಗ ತಿಳಿಯುತ್ತದೆ. ಕಂಪ್ಯೂಟರನ್ನು ಚುರುಕು ಮಾಡುತ್ತೇವೆ ಎನ್ನುವ ಕ್ಲೀನರ್ ಸಾಫ್ಟ್‌ವೇರುಗಳ ಗೋಜಿಗೆ ಹೋಗಬೇಡಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡದವನ್ನು ನಿಲ್ಲಿಸಿದರೆ ಸಾಕು.

ಬಾಳಿಕೆಯ ಬಗ್ಗೆ ತುಂಬ ಜನ ಕೇಳುತ್ತಾರೆ. ಈ 480 ಜಿಬಿ ಮಾದರಿಗೆ ಕಂಪನಿ ಕೊಟ್ಟದ್ದು 3 ವರ್ಷದ ವಾರಂಟಿ, 120 ಟಿಬಿ (1,20,000 ಜಿಬಿ) ಬರೆಯುವ ಮಿತಿ. ದಿನಕ್ಕೆ 20 ಜಿಬಿ ಬರೆದರೂ ಅಷ್ಟು ಮುಗಿಯಲು 16 ವರ್ಷ ಬೇಕು. ನಮ್ಮ ಬಳಕೆ ಅದರ ಹತ್ತಿರಕ್ಕೂ ಬರುವುದಿಲ್ಲ. ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಆಗಾಗ ನೋಡುತ್ತೇನೆ, ಆರೋಗ್ಯ ಇನ್ನೂ ಶೇಕಡಾ 90ರ ಮೇಲೆಯೇ ಇದೆ. ಇದು ಡಿರ‍್ಯಾಮ್ ಎಂಬ ಸಹಾಯಕ ಮೆಮೊರಿ ಚಿಪ್ ಇಲ್ಲದ ಅಗ್ಗದ ವರ್ಗದ್ದು. ಈ ವರ್ಗದ ಎಸ್‌ಎಸ್‌ಡಿಗಳಿಗೆ ಹತ್ತಾರು ಜಿಬಿ ಒಂದೇ ಸಲ ಬರೆಯುವಾಗ ವೇಗ ಇಳಿಯುವುದು ಸಹಜ. ವಿಡಿಯೋ ಎಡಿಟಿಂಗ್ ಮಾಡುವವರು ಮೇಲಿನ ದರ್ಜೆಯದನ್ನು ನೋಡಲಿ.

ನನ್ನ ಆತಂಕ ಸಿಡಿಲಿನದ್ದು. ತುಲಾಮಾಸದ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ಇಲ್ಲಿ ಗುಡುಗು ಹೇಗೆ ಬರುತ್ತದೆಂದು ಊರಿನವರಿಗೆ ಹೇಳಬೇಕಾಗಿಲ್ಲ. ಹಾರ್ಡ್ ಡಿಸ್ಕ್ ಕೆಡುವ ಮೊದಲು ಕಟಕಟ ಸದ್ದು ಮಾಡಿ ಸೂಚನೆಯನ್ನಾದರೂ ಕೊಡುವುದುಂಟು. ಎಸ್‌ಎಸ್‌ಡಿ ಎಷ್ಟೋ ಸಲ ಸದ್ದಿಲ್ಲದೆ ಸಾಯುತ್ತದೆ, ಅದರಿಂದ ಫೈಲು ಮರಳಿ ಪಡೆಯುವುದೂ ಕಷ್ಟ. ಹಳೆಯ ಡಿಸ್ಕಿಗೆ ಯುಎಸ್‌ಬಿ ಕೇಸು ಹಾಕಿಸಿ, ಪ್ರಶ್ನೆಪತ್ರಿಕೆ ಮತ್ತು ಫೋಟೋಗಳನ್ನು ಅದಕ್ಕೂ ತುಂಬಿಸಿ ಇಡುತ್ತೇನೆ. ಮೋಡ ಕಪ್ಪಾದರೆ ಯುಪಿಎಸ್ಸಿನ ಪ್ಲಗ್ಗನ್ನು ಮಾವನವರೇ ಹೋಗಿ ಕಿತ್ತಿಡುತ್ತಾರೆ.

ಎಸ್‌ಎಸ್‌ಡಿಯಿಂದ ಬಗೆಹರಿಯದ ಒಂದು ವಿಷಯ ವಿಂಡೋಸ್. 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 4ನೇ ಜನರೇಷನ್ ಪ್ರೊಸೆಸರಿಗೆ 11 ಅಧಿಕೃತವಾಗಿ ಸಿಗುವುದಿಲ್ಲ. ಸುರಕ್ಷತಾ ಅಪ್‌ಡೇಟನ್ನು ಒಂದು ವರ್ಷ ಮುಂದುವರಿಸುವ ಯೋಜನೆಗೆ ಸೇರಿಸಿದ್ದೇನೆ, ವಿಂಡೋಸಿನಲ್ಲಿ ನಡೆಯುವ ನುಡಿಗಾಗಿ. ಜೊತೆಗೆ ಕೇರಳದ ಶಾಲೆಗಳಲ್ಲಿ ಬಳಸುವ, ಉಬುಂಟು ಆಧಾರಿತ ಕೈಟ್ ಲಿನಕ್ಸನ್ನೂ ಹಾಕಿದ್ದೇವೆ. ಮಗಳು ಶಾಲೆಯ ಲ್ಯಾಬಿನಲ್ಲಿ ಮಾಡಿದ್ದನ್ನೇ ಮನೆಯಲ್ಲಿ ಮಾಡುತ್ತಾಳೆ, ಬ್ಯಾಂಕಿನ ಕೆಲಸಕ್ಕೂ ಈಗ ಅದೇ. ನಾನು ಹೊಸ ಪ್ರಶ್ನೆಪತ್ರಿಕೆಗಳನ್ನೆಲ್ಲ ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡಿನಲ್ಲೇ ಟೈಪ್ ಮಾಡಲು ಶುರುಮಾಡಿದ್ದೇನೆ, ವಿಂಡೋಸ್ ಮತ್ತು ಲಿನಕ್ಸ್ ಎರಡೂ ಕಡೆ ತೆರೆಯುತ್ತವೆ.