ಮೀನಿನ ಅಂಡಾಶಯಕ್ಕೆ ಕಾಲಮ್ ಕಿಟ್: ಬಳಸಿ ನೋಡಿದ ಮೇಲೆ

ನನ್ನ ಕೆಲಸ ಜೀಬ್ರಾಫಿಶ್ ಮೇಲೆ. ಅಂಡಾಶಯ, ವೃಷಣ, ಲಿವರ್‌ಗಳಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಕ್ಯೂಪಿಸಿಆರ್‌ನಲ್ಲಿ (ಜೀನ್‌ನ ಪ್ರತಿಗಳನ್ನು ಹೆಚ್ಚಿಸುತ್ತಾ ಎಣಿಸುವ ವಿಧಾನ) ಅಳೆಯುತ್ತೇನೆ. ಅದಕ್ಕೂ ಮುಂಚೆ ಅಂಗಾಂಶದಿಂದ ಆರ್‌ಎನ್‌ಎ, ಅಂದರೆ ಚುರುಕಾಗಿರುವ ಜೀನ್‌ನ ನಕಲು, ತೆಗೆಯಬೇಕಲ್ವಾ? ಲ್ಯಾಬ್‌ನಲ್ಲಿ ಫೀನಾಲ್ ಹಾಕಿಯೇ ತೆಗೆಯುತ್ತಿದ್ದೆವು. ಅದರ ವಾಸನೆ, ಕೈ ಸುಟ್ಟೀತೆಂಬ ಭಯ, ಕ್ಲೋರೋಫಾರ್ಮ್ ತ್ಯಾಜ್ಯದ ತಲೆನೋವು ಎಲ್ಲ ಸಾಕಾಗಿ ಆರ್‌ಎನ್‌ಎಯನ್ನು ಪೊರೆಯಲ್ಲಿ ಹಿಡಿದು ಉಳಿದದ್ದನ್ನು ತೊಳೆಯುವ ಈ ಸಿಲಿಕಾ ಕಾಲಮ್ ಕಿಟ್ ತರಿಸಿದೆವು. ಕಂಪನಿ ಹೆಸರು ಬೇಡ. ಇದೇ ನಮೂನೆಯ ಕಿಟ್‌ಗಳು ಬೇಕಾದಷ್ಟಿವೆ, ಕೆಳಗಿನ ಮಾತು ಹೆಚ್ಚುಕಡಿಮೆ ಎಲ್ಲಕ್ಕೂ ಹೊಂದುತ್ತದೆ.

ಲಿವರ್‌ಗೆ ಇದು ತುಂಬಾ ಚೆನ್ನಾಗಿದೆ. ಗಂಡು ಮೀನಿನ ಲಿವರ್‌ನಲ್ಲಿ ವಿಟೆಲೊಜೆನಿನ್ ಜೀನ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್ ಅದು, ಗಂಡಿಗೆ ಏನು ಕೆಲಸ? ನೀರಿಗೆ ಈಸ್ಟ್ರೋಜನ್ ತರಹದ ರಾಸಾಯನಿಕ ಸೇರಿದರೆ ಮಾತ್ರ ಅದು ಎದ್ದು ಕೂರುತ್ತದೆ. ಈ ವ್ಯತ್ಯಾಸ ಕಿಟ್‌ನಲ್ಲಿ ತೆಗೆದ ಆರ್‌ಎನ್‌ಎಯಲ್ಲಿ ಸ್ಪಷ್ಟವಾಗಿ ಸಿಕ್ಕಿತು. ಆರ್‌ಎನ್‌ಎ ಎಷ್ಟು ಶುದ್ಧ ಎಂದು ಹೇಳುವ 260/280 ಅನುಪಾತ 2ರ ಆಸುಪಾಸು, ಅಂದರೆ ಶುದ್ಧ. ದೂರಲು ಏನೂ ಇಲ್ಲ.

ವೃಷಣದ್ದು ಸ್ವಲ್ಪ ಬೇರೆ ಕಥೆ. ಒಂದು ಮೀನಿನಿಂದ ಸಿಗುವುದೇ ಕೆಲವು ಮಿಲಿಗ್ರಾಂ. ಕಾಲಮ್‌ನಿಂದ ಇಳಿಸುವಾಗ ನೀರು ಕಡಿಮೆ ಹಾಕಿ, ಇಳಿದದ್ದನ್ನೇ ಇನ್ನೊಮ್ಮೆ ಹಾಯಿಸಿದರೆ ಸಾಕಷ್ಟು ಗಟ್ಟಿ ಆರ್‌ಎನ್‌ಎ ಬರುತ್ತದೆ. ಆದರೆ ವೀರ್ಯಾಣುಗಳ ತಲೆಯಲ್ಲಿ ಡಿಎನ್‌ಎ ಒತ್ತಾಗಿ ತುಂಬಿರುತ್ತದೆ. ಕೈಪಿಡಿ ಹೇಳುವ 15 ನಿಮಿಷದ ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಅದಕ್ಕೆ ಸಾಲಲಿಲ್ಲ. ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಹಾಕದ ಕಂಟ್ರೋಲ್‌ನಲ್ಲೂ ಕ್ಯೂಪಿಸಿಆರ್ ಗೆರೆ ಮೇಲೇರಿತು, ಅಂದರೆ ಡಿಎನ್‌ಎ ಉಳಿದಿತ್ತು. 30 ನಿಮಿಷ ಬಿಟ್ಟ ಮೇಲೆ ಸರಿಯಾಯಿತು. ಈ ಕಂಟ್ರೋಲ್ ಹಾಕದೆ ಡಿಎಂಆರ್‌ಟಿ1, ಎಎಂಹೆಚ್‌ನಂಥ ವೃಷಣದ ಜೀನ್‌ಗಳ ಲೆಕ್ಕ ಬರೆಯುವವರನ್ನು ನಾನಂತೂ ನಂಬುವುದಿಲ್ಲ.

ಇನ್ನು ಅಂಡಾಶಯ. ಕೈಪಿಡಿಯಲ್ಲಿ ‘ಮೀನಿನ ಅಂಗಾಂಶ’ ಎಂದು ಒಂದೇ ಸಾಲು, 30 ಮಿಲಿಗ್ರಾಂವರೆಗೆ ಹಾಕಬಹುದು ಎನ್ನುತ್ತದೆ. ಬಲಿತ ಮೊಟ್ಟೆಗಳಿರುವ ಅಂಡಾಶಯವನ್ನು ಅಷ್ಟು ಹಾಕಿ ನೋಡಿ, ಹಳದಿ ಪ್ರೋಟೀನ್ ಕಾಲಮ್‌ನ ಪೊರೆಗೆ ಮೆತ್ತಿಕೊಂಡು ದ್ರವ ಕೆಳಗೇ ಇಳಿಯುವುದಿಲ್ಲ. 10 ಮಿಲಿಗ್ರಾಂ ಮೀರಬೇಡಿ. ಅರೆದ ಮೇಲೆ ಒಮ್ಮೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನಷ್ಟೇ ಕಾಲಮ್‌ಗೆ ಹಾಕಿ.

ಇದಾದರೂ ಪರವಾಗಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದದ್ದು ಕೈಪಿಡಿಯ ಕೊನೆ ಪುಟದ ಸಣ್ಣ ಅಕ್ಷರಕ್ಕೆ: 200 ಬೇಸ್‌ಗಿಂತ (ಬೇಸ್ ಎಂದರೆ ಆರ್‌ಎನ್‌ಎ ಸರಪಳಿಯ ಒಂದು ಕೊಂಡಿ) ಚಿಕ್ಕ ಆರ್‌ಎನ್‌ಎ ಬಹುಪಾಲು ಕಾಲಮ್‌ನಲ್ಲಿ ನಿಲ್ಲುವುದಿಲ್ಲ. ಲಿವರ್‌ಗೆ ಇದು ಲೆಕ್ಕಕ್ಕಿಲ್ಲದ ವಿಷಯ. ಮೀನಿನ ಅಂಡಾಶಯಕ್ಕೆ ಹಾಗಲ್ಲ. ಎಳೆ ಅಂಡಾಣುಗಳು ಮುಂದಿನ ರೈಬೋಸೋಮ್‌ಗಳಿಗೆಂದು (ಪ್ರೋಟೀನ್ ತಯಾರಿಸುವ ಕಣಗಳು) ಅವುಗಳ ಚಿಕ್ಕ ಭಾಗವಾದ 5ಎಸ್ ಆರ್‌ಎನ್‌ಎಯನ್ನು ಮೊದಲೇ ರಾಶಿ ಹಾಕಿಕೊಳ್ಳುತ್ತವೆ. ಜೀಬ್ರಾಫಿಶ್ ಭ್ರೂಣದ ಸ್ವಂತ ಜೀನ್‌ಗಳು ಜೋರಾಗಿ ಕೆಲಸ ಶುರುಮಾಡುವುದು ಫಲಿತವಾದ ಸುಮಾರು 3 ಗಂಟೆ ನಂತರ. ಅಲ್ಲಿಯವರೆಗೆ ತಾಯಿ ಕೂಡಿಟ್ಟದ್ದೇ ಗತಿ. ಈ 5ಎಸ್ ಉದ್ದ ಸುಮಾರು 120 ಬೇಸ್. ಅಂದರೆ ಅಂಡಾಶಯದ ಆರ್‌ಎನ್‌ಎಯ ದೊಡ್ಡ ಪಾಲು ತೊಳೆದ ನೀರಿನ ಜೊತೆ ಹೋಗಿಬಿಡುತ್ತದೆ.

ಒಂದೇ ಅಂಡಾಶಯವನ್ನು ಎರಡು ಪಾಲು ಮಾಡಿ ಎರಡೂ ವಿಧಾನದಲ್ಲಿ ತೆಗೆದೆ. ಆಮೇಲೆ ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬಿಡಿಸಿ ಗುಣಮಟ್ಟಕ್ಕೆ ಅಂಕ ಕೊಡುವ ಯಂತ್ರಕ್ಕೆ ಹಾಕಿದೆ. ಫೀನಾಲ್ ಪಾಲಿನ ಗ್ರಾಫ್‌ನಲ್ಲಿ ಎಡಗಡೆ 5ಎಸ್‌ನ ಎತ್ತರದ ಗೋಪುರ, ರೈಬೋಸೋಮ್‌ನ ಉದ್ದದ ಆರ್‌ಎನ್‌ಎಗಳಾದ 18ಎಸ್ ಮತ್ತು 28ಎಸ್ ಜಾಗದಲ್ಲಿ ಪುಟ್ಟ ದಿಬ್ಬಗಳು. ಯಂತ್ರ ಇದನ್ನು ಹಾಳಾದ ಆರ್‌ಎನ್‌ಎ ಎಂದುಕೊಂಡು ಕಡಿಮೆ ಅಂಕ ಕೊಟ್ಟಿತು. ಹಾಳಾಗಿರಲಿಲ್ಲ, ಎಳೆ ಅಂಡಾಣು ಇರುವುದೇ ಹಾಗೆ. ಕಿಟ್ ಪಾಲಿನಲ್ಲಿ ಗೋಪುರವೇ ಮಾಯ, ಅಂಕ ಮಾತ್ರ ಜೋರು! ನೋಡಲು ಚೆಂದ ಅಷ್ಟೇ.

ಹಾಗಂತ ಕಿಟ್ ಕೆಟ್ಟದ್ದು ಎನ್ನಲಾರೆ. ಅಂಡಾಶಯ, ವೃಷಣ ಎರಡರಲ್ಲೂ ಅರೊಮ್ಯಾಟೇಸ್ (ಈಸ್ಟ್ರೋಜನ್ ತಯಾರಿಸುವ ಕಿಣ್ವ) ಜೀನ್ ಹೋಲಿಸಬೇಕಾದರೆ ಕಾಲಮ್‌ನದ್ದೇ ಹೆಚ್ಚು ನ್ಯಾಯವಾದ ಲೆಕ್ಕ. ಎರಡೂ ಕಡೆ ಸಮ ತೂಕದ ಒಟ್ಟು ಆರ್‌ಎನ್‌ಎ ಹಾಕುತ್ತೇವಲ್ಲ, ಅದರಲ್ಲಿ 5ಎಸ್ ತುಂಬಿಕೊಂಡಷ್ಟೂ ಎಂಆರ್‌ಎನ್‌ಎ (ಜೀನ್‌ನ ಸಂದೇಶ ಹೊರುವ, ನಾವು ಅಳೆಯುವ ಆರ್‌ಎನ್‌ಎ) ಪಾಲು ಕುಗ್ಗುತ್ತದೆ. (ಪ್ರೈಮರ್, ಅಂದರೆ ಜೀನ್ ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು, ಅಂಡಾಶಯದ ಅರೊಮ್ಯಾಟೇಸ್ ಜೀನ್ ಸಿವೈಪಿ19ಎ1ಎಗೆ ಮಾತ್ರ ಕೂರುತ್ತದೆಯೇ ನೋಡಿಕೊಳ್ಳಿ. ಮೆದುಳಿನಲ್ಲಿ ಜಾಸ್ತಿ ಇರುವುದು ಅದರ ಜೋಡಿ, ಸಿವೈಪಿ19ಎ1ಬಿ.) ಆದರೆ ಗಂಡು ಮೀನಿನ ವೃಷಣದಲ್ಲಿ ಅಂಡಾಣು ಹುಟ್ಟಿಕೊಂಡಿದೆಯೇ ಎಂದು 5ಎಸ್ ನೋಡಿ ಪತ್ತೆ ಹಚ್ಚುವವರಿಗೆ ಈ ಕಿಟ್ ಸುಮ್ನೆ ದಂಡ. ಇನ್ನೂ ಚಿಕ್ಕದಾದ ಮೈಕ್ರೋಆರ್‌ಎನ್‌ಎ ಕೆಲಸಕ್ಕೂ ಬೇಡ. ಹಳೆಯ ಫೀನಾಲ್ ಸ್ಯಾಂಪಲ್‌ಗಳ ಅಂಕಿಗಳ ಪಕ್ಕದಲ್ಲಿ ಕಿಟ್‌ನ ಅಂಕಿಗಳನ್ನು ಇಟ್ಟು ಹೋಲಿಸಲೂಬೇಡಿ.

ಕಂಪನಿಯ ಸಹಾಯವಾಣಿಗೆ ಗ್ರಾಫ್ ಸಮೇತ ಬರೆದೆ. ಇಲಿಯ ಲಿವರ್‌ಗೆ ಬರೆದ ವಿಧಾನವನ್ನು ಯಥಾವತ್ತಾಗಿ ಕಳಿಸಿದರು. ಮತ್ತೆ ಬರೆದಾಗ ‘ಮೀನು ಚಿಕ್ಕದಿದ್ದರೆ ಸ್ಯಾಂಪಲ್ ಜಾಸ್ತಿ ಹಾಕಿ’ ಎಂಬ ಸಲಹೆ ಬಂತು. ಪ್ರಶ್ನೆಯನ್ನೇ ಓದಿರಲಿಲ್ಲ.

ನನ್ನ ಅಂಕ: ಲಿವರ್‌ಗೆ 5ಕ್ಕೆ 5, ವೃಷಣಕ್ಕೆ 4, ಅಂಡಾಶಯಕ್ಕೆ ಎರಡೂವರೆ. ತರಿಸುವವರಿಗೆ ಒಂದು ಮಾತು: ಡಿಎನ್‌ಏಸ್ ಪುಡಿ ಕರಗಿಸುವಾಗ ವೋರ್ಟೆಕ್ಸ್ ಮಾಡಬೇಡಿ (ಯಂತ್ರದಲ್ಲಿ ಜೋರಾಗಿ ಅಲುಗಿಸಬೇಡಿ), ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು. ಕರಗಿದ್ದನ್ನು ಸಣ್ಣ ಪಾಲು ಮಾಡಿ ಮೈನಸ್ 20 ಡಿಗ್ರಿಯಲ್ಲಿಡಿ, ಒಮ್ಮೆ ಹೊರಗೆ ತೆಗೆದದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.