ಮೆಟ್ಟಿಲ ಕೆಳಗಿನ ಕಂಪ್ಯೂಟರ್ ರಿಪೇರಿ: ಐದಕ್ಕೆ ನಾಲ್ಕು ಸ್ಟಾರ್

ಸಾಗರ ಪೇಟೆಯ ಈ ಅಂಗಡಿಗೆ ಬೋರ್ಡಿಲ್ಲ. ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ಜೆರಾಕ್ಸ್ ಅಂಗಡಿಗೆ ತಾಗಿಕೊಂಡು ಇದೆ. ಒಳಗೆ ಒಬ್ಬರು ನಿಂತರೆ ಇನ್ನೊಬ್ಬರು ಮಳೆಯಲ್ಲೇ ನಿಲ್ಲಬೇಕು, ಅಷ್ಟು ಜಾಗ. ‘ಮೆಟ್ಟಿಲ ಕೆಳಗಿನ ರಿಪೇರಿ’ ಅಂತ ಕೇಳಿದರೆ ಜೆರಾಕ್ಸಿನವರೇ ತೋರಿಸುತ್ತಾರೆ. ಈ ಮಳೆಗಾಲದಲ್ಲಿ ನಾನು ಮೂರು ಸಲ ಹೋದೆ. ಅದರಲ್ಲಿ ಒಂದು ಸಲ ಹೋಗಿದ್ದು ಅವರ ತಪ್ಪಿನಿಂದಲೇ. ಆದರೂ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ.

ನನ್ನದು ಮನೆಯಲ್ಲೇ ಡಿಟಿಪಿ ಕೆಲಸ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸೊಸೈಟಿಗಳ ವಾರ್ಷಿಕ ವರದಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪೇಜ್‌ಮೇಕರ್‌ನಲ್ಲಿ ಕೂರಿಸುವುದು. ಆಷಾಢದಲ್ಲಿ ಮದುವೆ ಇರಲ್ಲ, ಆದರೆ ಸೊಸೈಟಿ ವರದಿಗಳು ಬರುವುದು ಆಗಲೇ. 48 ಪುಟದ ಒಂದು ವರದಿ ಅರ್ಧ ಆಗಿತ್ತು. ಸೋಮವಾರ ಬೆಳಿಗ್ಗೆ ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ನೀಲಿ ಲೈಟ್ ಬಂತು. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅಂತ ತೋರಿಸಿ ಕಪ್ಪಾಯಿತು. ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ.

ಮೊದಲು ಮನೆಗೇ ಬಂದು ನೋಡುವ ಒಬ್ಬರನ್ನು ಕರೆಸಿದೆ. ಹೆಸರು ಬೇಡ. ಬಂದಿದ್ದಕ್ಕೆ 400 ರೂಪಾಯಿ. ಕಂಪ್ಯೂಟರಿನ ಪಕ್ಕದ ಬಾಗಿಲು ತೆಗೆದರು, ಟಾರ್ಚ್ ಬಿಟ್ಟರು, ‘ಬೋರ್ಡ್ ಹೋಗಿದೆ ಮೇಡಂ, ಹೊಸದೇ ತಗೊಳ್ಳಿ’ ಅಂದರು. ಬೋರ್ಡ್ ಅಂದರೆ ಮದರ್‌ಬೋರ್ಡ್, ಎಲ್ಲ ಭಾಗ ಜೋಡಿಸುವ ಒಳಗಿನ ಮುಖ್ಯ ಹಲಗೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಹೊಸ ಮಷಿನ್ ಅಂದರೆ ದುಡ್ಡೊಂದೇ ಅಲ್ಲ. ಹಳೇ ಫಾಂಟು, ಹಳೇ ಫೈಲು, ಪ್ರಿಂಟರ್, ಎಲ್ಲವನ್ನೂ ಮೊದಲಿಂದ ಕೂರಿಸಬೇಕು. ವರದಿ ಗುರುವಾರ ಕೊಡಬೇಕಿತ್ತು.

ಯಜಮಾನರು ತೋಟಕ್ಕೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದರು. ಕ್ಯಾಬಿನೆಟ್ಟನ್ನು ಗೊಬ್ಬರದ ಚೀಲದೊಳಗೆ ಇಳಿಸಿ, ಬಾಯಿ ಕಟ್ಟಿ, ನಾನೇ ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಲಗೇಜ್ ಚಾರ್ಜ್ ಕೇಳಲಿಲ್ಲ, ಅಕ್ಕಿ ಅಂದುಕೊಂಡರೋ ಏನೋ.

ಅಂಗಡಿ ಹತ್ತಕ್ಕೆ ತೆರೆಯುತ್ತೆ ಅಂದಿದ್ದರು. ಹುಡುಗ ಬಂದಿದ್ದು ಹನ್ನೊಂದೂವರೆಗೆ. (ನನ್ನ ತಮ್ಮನ ವಯಸ್ಸಿನವನು, ಏಕವಚನ ತಪ್ಪು ತಿಳಿಯಬೇಡಿ.) ತಡ ಆಯಿತು, ಕ್ಷಮಿಸಿ ಅಂತಲೂ ಹೇಳಲಿಲ್ಲ. ಆದರೆ ಕೆಲಸ ಶುರು ಮಾಡಿದ ಮೇಲೆ ನನ್ನ ಸಿಟ್ಟು ಇಳಿಯಿತು. ಎಲ್ಲವನ್ನೂ ನನ್ನ ಕಣ್ಣೆದುರೇ ಮಾಡಿದ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿದ.

ಮೊದಲು ಅವನ ಮಾನಿಟರ್, ಅವನ ಕೇಬಲ್ ಹಾಕಿ ನೋಡಿದ. ಕಪ್ಪು. ಆಮೇಲೆ ನನ್ನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ) ಬಿಟ್ಟು ಅವನದ್ದನ್ನು ಜೋಡಿಸಿದ. ಆಗಲೂ ಕಪ್ಪು. ‘ಬೋರ್ಡ್ ಹೋಗಿದೆಯಂತೆ’ ಅಂದೆ. ‘ಅಕ್ಕ, ಸ್ವಲ್ಪ ನಿಲ್ಲಿ, ಬೋರ್ಡನ್ನೇ ಕೇಳೋಣ’ ಅಂದ.

ಉಗುರಿನಷ್ಟು ಚಿಕ್ಕ ಸ್ಪೀಕರ್ ಒಂದನ್ನು ಡಬ್ಬಿಯಿಂದ ಹುಡುಕಿ ಬೋರ್ಡಿನ ಪಿನ್ನಿಗೆ ಚುಚ್ಚಿದ. ನನ್ನ ಕ್ಯಾಬಿನೆಟ್ಟಿನಲ್ಲಿ ಅದು ಇರಲೇ ಇಲ್ಲ. ಈಗ ಅಸೆಂಬಲ್ ಮಾಡುವವರು ಹಾಕುವುದೇ ಕಡಿಮೆಯಂತೆ. ಆಮೇಲೆ ಎರಡೂ ರ‍್ಯಾಮ್ (ಮೆಮೊರಿ ಪಟ್ಟಿ) ಕಿತ್ತು ಬಟನ್ ಒತ್ತಿದ. ಬೀಪ್... ಬೀಪ್... ಅಂತ ಉದ್ದಕ್ಕೆ ಕೂಗಿಕೊಂಡಿತು. ಹುಡುಗ ನಕ್ಕ. ರ‍್ಯಾಮ್ ಇಲ್ಲ ಅಂತ ದೂರು ಹೇಳುವಷ್ಟಾದರೂ ಬೋರ್ಡು, ಪ್ರೊಸೆಸರ್ ಎರಡೂ ಬದುಕಿವೆ. ಸತ್ತ ಬೋರ್ಡು ಕೂಗಲ್ಲ. 400 ರೂಪಾಯಿ ಕೊಟ್ಟು ಕೇಳಿದ್ದು ಸುಳ್ಳು ಅಂತ ಆ ಸದ್ದಿನಲ್ಲೇ ಗೊತ್ತಾಯಿತು.

ಮುಂದಿನದಕ್ಕೆ ಬೇಕಾಗಿದ್ದು ಮಕ್ಕಳ ಪೆನ್ಸಿಲ್ ರಬ್ಬರ್. ನನ್ನಲ್ಲಿರುವ ಡಿಡಿಆರ್3 ಅನ್ನುವ ನಮೂನೆಯ ರ‍್ಯಾಮಿನ ಅಂಚಿನಲ್ಲಿ ಎರಡೂ ಬದಿ ಸೇರಿ 240 ಚಿನ್ನದ ಬಣ್ಣದ ಪಟ್ಟಿಗಳಿರುತ್ತವೆ. ನಮ್ಮ ಕಡೆಯ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತೆ, ಇನ್ನು ಅದು ಯಾವ ಲೆಕ್ಕ? ಪಸೆಗೆ ಮಂಕಾಗಿತ್ತು. ಮೆಲ್ಲಗೆ ತಿಕ್ಕಿ, ಬ್ರಷ್ಷಿನಲ್ಲಿ ಪುಡಿ ಕೊಡವಿ, ಒಂದನ್ನು ಹಾಕಿದ. ಪರದೆ ಬಂತು! ಎರಡನೆಯದನ್ನೂ ಹಾಕಿದ. ಮತ್ತೆ ಕಪ್ಪು. ಅದನ್ನು ಇನ್ನೊಂದು ಸಲ ತಿಕ್ಕಿದ ಮೇಲೆ ಬಂತು. ‘ಇದರ ಮೇಲೆ ನನಗೆ ನಂಬಿಕೆ ಇಲ್ಲ ಅಕ್ಕ’ ಅಂತ ಆಗಲೇ ಹೇಳಿದ್ದ.

ಅಷ್ಟರಲ್ಲಿ ಪರದೆಯಲ್ಲಿ ಇನ್ನೊಂದು ತಕರಾರು. ತಾರೀಕು 2014ರ ಜನವರಿ 1 ಅಂತ ತೋರಿಸಿ, ಎಫ್1 ಒತ್ತಿ ಅನ್ನುತ್ತಿತ್ತು. ಇದು ನನಗೆ ಹೊಸದಲ್ಲ. ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಎಫ್1 ಒತ್ತಿ, ತಾರೀಕು ಸರಿ ಮಾಡಿ ಕೆಲಸಕ್ಕೆ ಕೂರುತ್ತಿದ್ದೆ. ಮರೆತ ದಿನ ಬ್ಯಾಂಕಿನ ಸೈಟ್ ತೆರೆಯುತ್ತಿರಲಿಲ್ಲ. ಬ್ಯಾಂಕಿಗೇ ಬೈದಿದ್ದೂ ಉಂಟು. ಬೋರ್ಡಿನಲ್ಲಿ ಸಿಆರ್2032 ಅನ್ನುವ ಬಿಲ್ಲೆಯಂಥ 3 ವೋಲ್ಟಿನ ಸೆಲ್ ಇರುತ್ತೆ. ಹುಡುಗ ಮೀಟರ್ ಹಿಡಿದ, 2.1 ತೋರಿಸಿತು.

‘ರಾತ್ರಿ ಪ್ಲಗ್ ಕೀಳ್ತೀರಾ?’ ಅಂತ ಕೇಳಿದ. ಕೀಳದೆ ಇರ್ತೀವಾ, ಸಿಡಿಲಿನ ಊರು. ಪ್ಲಗ್ ಇದ್ದಾಗ ಕಂಪ್ಯೂಟರ್ ಆಫ್ ಆಗಿದ್ದರೂ ಒಳಗಿನ ಗಡಿಯಾರ ಕರೆಂಟಿನಲ್ಲೇ ನಡೆಯುತ್ತಂತೆ. ಕಿತ್ತರೆ ಈ ಸೆಲ್ಲೇ ಗತಿ. ಹಾಗಾಗಿ ನಮ್ಮಂಥವರ ಮನೆಯಲ್ಲಿ ಸೆಲ್ ಬೇಗ ಮುಗಿಯುತ್ತೆ. ‘ಕೀಳೋದು ಬಿಡಬೇಡಿ, 40 ರೂಪಾಯಿ ಸೆಲ್ ಹೋದ್ರೆ ಹೋಗ್ಲಿ’ ಅಂದ. ಹನ್ನೊಂದು ವರ್ಷದಿಂದ ಕಂಪ್ಯೂಟರ್ ಇಟ್ಟುಕೊಂಡಿದ್ದೇನೆ, ಇದನ್ನು ಒಬ್ಬರೂ ಹೇಳಿರಲಿಲ್ಲ.

ಕೆಲಸಕ್ಕೆ 250, ಸೆಲ್ಲಿಗೆ 40. ಸಂಜೆವರೆಗೆ ಓಡಿಸಿ ನೋಡೋಣ, ಬಿಟ್ಟು ಹೋಗಿ ಅಂದ. ಹಾಗೆ ಹೇಳುವಾಗ ‘ಹಾರ್ಡ್‌ಡಿಸ್ಕ್ ಬೇಕಾದ್ರೆ ಬಿಚ್ಚಿ ಕೊಡ್ತೀನಿ, ನನ್ನ ಡಿಸ್ಕಲ್ಲಿ ಓಡಿಸ್ತೀನಿ’ ಅಂತಲೂ ಅಂದ. ಊರವರ ಫೋಟೋ, ಆಧಾರ್ ಪ್ರತಿ ಎಲ್ಲ ಇರುವ ಡಿಸ್ಕು. ನಾನು ಕೇಳುವ ಮೊದಲೇ ಹೇಳಿದ್ದಕ್ಕೆ ಒಂದು ಸ್ಟಾರ್ ಪೂರ್ತಿ.

ಈಗ ದೂರುಗಳು. ಡಿಸ್ಕ್ ವಾಪಸ್ ಜೋಡಿಸುವಾಗ ಡಿವಿಡಿ ಡ್ರೈವಿನ ಕೇಬಲ್ ಹಾಕಲು ಮರೆತಿದ್ದ. ಮನೆಗೆ ಬಂದ ಮೇಲೆ ಗೊತ್ತಾಯಿತು. ಮತ್ತೆ ಚೀಲ, ಮತ್ತೆ ಬಸ್ಸು. ಪವರ್ ಕೇಬಲ್ ಬೇರೆ ಯಾರದ್ದೋ ಬಂದಿತ್ತು. ಬಿಲ್ ಕೊಡಲ್ಲ. ಬ್ಲೋವರ್ ಹಿಡಿದರೆ ಧೂಳೆಲ್ಲ ನಮ್ಮ ಮೇಲೇ. ಫೋನ್ ಅಂತೂ ಎತ್ತುವುದೇ ಇಲ್ಲ.

ಹನ್ನೊಂದನೇ ದಿನ ಮತ್ತೆ ಪರದೆ ಕಪ್ಪಾಯಿತು. ಫೋನ್ ಮಾಡಿದೆ, ಎತ್ತಲಿಲ್ಲ. ಅವನು ಮಾಡಿದ್ದು ನೆನಪಿತ್ತು. ಪ್ಲಗ್ ಕಿತ್ತೆ, ಉಳಿದ ಕರೆಂಟ್ ಹೋಗಲಿ ಅಂತ ಬಟನ್ ನಾಲ್ಕು ಸೆಕೆಂಡ್ ಒತ್ತಿ ಹಿಡಿದೆ, ಕ್ಯಾಬಿನೆಟ್ಟಿನ ತಗಡು ಮುಟ್ಟಿಕೊಂಡು ಅವನು ನಂಬದ ಆ ಎರಡನೇ ರ‍್ಯಾಮ್ ಕಿತ್ತೆ. ಕೈ ನಡುಗುತ್ತಿತ್ತು. ಬಟನ್ ಒತ್ತಿದರೆ ಪರದೆ ಬಂತು. ಮರುದಿನ ಆ ರ‍್ಯಾಮ್ ಒಂದನ್ನೇ ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದೆ. ಹಳೇದೇ ಆದರೂ ಪರೀಕ್ಷೆ ಮಾಡಿದ 4 ಜಿಬಿಯದು 600ಕ್ಕೆ ಕೊಟ್ಟ, ಮೂರು ತಿಂಗಳು ಬಾಯಿಮಾತಿನ ಗ್ಯಾರಂಟಿ.

ಹೊಸದು ತಗೊಳ್ಳಲೇಬೇಕಾ ಅಂತ ಆಗ ಕೇಳಿದ್ದಕ್ಕೆ, ಈ ನಾಲ್ಕನೇ ಜನರೇಶನ್ ಐ3 ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ (ಭದ್ರತೆಯ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅಂದ. ‘ಟೈಪಿಂಗ್ ಇದರಲ್ಲಿ ಮಾಡಿ, ಬ್ಯಾಂಕ್ ಕೆಲಸ ಇದರಲ್ಲಿ ಬೇಡ’ ಅಂದ. ಹಾಗೇ ಮಾಡುತ್ತಿದ್ದೇನೆ.

ಹೋಗುವವರು ಹನ್ನೆರಡರ ಮೇಲೆ ಹೋಗಿ. ಒಂದೂವರೆಗೆ ಊಟಕ್ಕೆ ಹೊರಡುತ್ತಾನೆ. ಪವರ್ ಕೇಬಲ್ ಮನೆಯಲ್ಲೇ ಬಿಟ್ಟು ಹೋಗಿ, ಅವನ ಹತ್ತಿರ ಬೇಕಾದಷ್ಟಿವೆ. ಅದರಲ್ಲಿ ಒಂದು ನನ್ನದು.