ಕುಂಬಳೆ–ಬದಿಯಡ್ಕ ರಸ್ತೆಯ ಹಳೆ ಸಾಮಾನಿನ ಅಂಗಡಿ: ಕಪಾಟಿನ ಖಡ್ಗ ಬಿಡಿ, ನೆಲದ ಮೇಲಿನ ಕತ್ತಿ ನೋಡಿ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಹಳೆ ಓಡಿನ ಮನೆ ಕಳಚಿದ ಸಾಮಾನು ಮಾರುವ ಅಂಗಡಿಯೊಂದಿದೆ. ಮುಂದುಗಡೆ ದಾರಂದ, ಬಾಗಿಲು, ಮರದ ಕಂಬ. ಒಳಗೆ ಹಿತ್ತಾಳೆ ಮತ್ತು ಕಂಚಿನ ಪಾತ್ರೆ. ಅದಕ್ಕೂ ಹಿಂದೆ, ತಗಡಿನ ಮಾಡಿನ ಕೆಳಗೆ ಕಬ್ಬಿಣ. ಹಳೆ ಕತ್ತಿ, ಕೊಡಲಿ, ಆಯುಧ ಸಂಗ್ರಹಿಸುವವರು ಹೋಗಬೇಕಾದದ್ದು ನೇರ ಆ ಹಿಂದಿನ ಮಾಡಿಗೆ. ಗಾಜಿನ ಕಪಾಟಿನಲ್ಲಿ ದೀಪ ಹಾಕಿ ನಿಲ್ಲಿಸಿದ ಖಡ್ಗಗಳಲ್ಲಿ ಹೆಚ್ಚಿನವು ಹೊಸವು. ನಿಜವಾದ ಹಳೆ ಮಾಲು ನೆಲದ ಮೇಲೆ ರಾಶಿ ಬಿದ್ದಿರುವ ತೋಟದ ಕತ್ತಿಗಳಲ್ಲಿದೆ. ಬೆಲೆ ಮಾತ್ರ ಇದಕ್ಕೆ ತದ್ವಿರುದ್ಧ.

ರಾಶಿಯಲ್ಲಿ ಸಿಗುವುದು ಈ ಊರಿನ ಕೆಲಸದ ಕತ್ತಿಗಳೇ: ಅಡಕೆ ಗೊನೆ ಇಳಿಸುವ ದೋಟಿಕತ್ತಿ, ಸೊಪ್ಪು ಕಡಿಯುವ ಕತ್ತಿ, ಶೇಂದಿ ಇಳಿಸುವ ಮೂರ್ತೆದಾರರ ಅಗಲ ಕತ್ತಿ, ಪೈರು ಕೊಯ್ಯುವ ಹಲ್ಲುಕತ್ತಿ, ಅಡಕೆ ಸುಲಿಯುವ ಕತ್ತಿಮಣೆ, ಕೊಡಲಿ, ಅಡಕತ್ತರಿ. ಸಾಮಾನ್ಯ ಕತ್ತಿಗೆ ಇನ್ನೂರರಿಂದ ಆರುನೂರು ರೂಪಾಯಿಯವರೆಗೆ ಹೇಳುತ್ತಾರೆ, ಎರಡು ಮೂರು ಒಟ್ಟಿಗೆ ತೆಗೆದರೆ ಇಳಿಸುತ್ತಾರೆ. ಅಂಗಡಿಯವರ ದೊಡ್ಡ ಗುಣವೆಂದರೆ, ನೆಲದ ಮೇಲಿನ ಮಾಲನ್ನು ಎಷ್ಟು ಹೊತ್ತು ಬೇಕಾದರೂ ನೋಡಲು ಬಿಡುತ್ತಾರೆ. ಒಂದು ಇಂಚು ಜಾಗ ಉಜ್ಜಿ ಪರೀಕ್ಷಿಸಲೂ ಅಡ್ಡಿ ಇಲ್ಲ. ಹಾಗಾಗಿ ಹೋಗುವಾಗ ವರ್ನಿಯರ್ ಕ್ಯಾಲಿಪರ್, ಸಣ್ಣ ಅಯಸ್ಕಾಂತ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, 800 ನಂಬರಿನ ಎಮರಿ ಪೇಪರ್, ಒಂದು ನಿಂಬೆಹಣ್ಣು, ಅಡುಗೆ ಸೋಡಾ ಕಲಸಿದ ನೀರು, ಒಣ ಬಟ್ಟೆ, ಸ್ವಲ್ಪ ಹೊಲಿಗೆ ಯಂತ್ರದ ಎಣ್ಣೆ ಜೊತೆಗಿರಲಿ.

ಮೊದಲು ಬೆನ್ನಿನ ದಪ್ಪ ಅಳೆಯಿರಿ. ಕುಲುಮೆಯಲ್ಲಿ ಬಡಿದು ಮಾಡಿದ ಕತ್ತಿ ಹಿಡಿಯ ಹತ್ತಿರ ದಪ್ಪವಿದ್ದು ತುದಿಗೆ ಹೋದಂತೆ ತೆಳುವಾಗುತ್ತದೆ. ಬುಡದಲ್ಲಿ 6 ಮಿ.ಮೀ. ಇದ್ದದ್ದು ತುದಿಯಲ್ಲಿ 3ಕ್ಕೆ ಇಳಿದಿದ್ದರೆ ಸುತ್ತಿಗೆಯ ಕೆಲಸ ಎನ್ನಬಹುದು. ಬುಡದಿಂದ ತುದಿಯವರೆಗೆ ಒಂದೇ ದಪ್ಪ ಬಂದರೆ ಅದು ತಗಡಿನಿಂದ ಅಥವಾ ಲಾರಿಯ ಪ್ಲೇಟಿನಿಂದ (ಸ್ಪ್ರಿಂಗ್ ಪಟ್ಟಿಯಿಂದ) ಕತ್ತರಿಸಿ ತೆಗೆದದ್ದು. ಲಾರಿ ಪ್ಲೇಟಿನ ಕತ್ತಿ ಕೆಟ್ಟದ್ದೇನಲ್ಲ. ಅದು ಒಳ್ಳೆಯ ಸ್ಪ್ರಿಂಗ್ ಉಕ್ಕು, ಇಂದಿನ ಆಚಾರಿಗಳು ಹೆಚ್ಚಾಗಿ ಬಳಸುವುದೂ ಅದನ್ನೇ. ಆದರೆ ಮೋಟಾರು ಗಾಡಿ ಬಂದ ಮೇಲಿನದ್ದು ಅದು, 'ನೂರೈವತ್ತು ವರ್ಷ ಹಳೆಯದು' ಎಂಬ ಮಾತು ಅದಕ್ಕೆ ಹೊಂದುವುದಿಲ್ಲ. ಕೆಲವದರಲ್ಲಿ ಪ್ಲೇಟಿನ ನಡುವಿನ ಬೋಲ್ಟ್ ತೂತಿನ ಅರ್ಧ ವೃತ್ತ ಅಂಚಿನಲ್ಲಿ ಹಾಗೆಯೇ ಉಳಿದಿರುತ್ತದೆ.

ಎರಡನೆಯದು ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಉಕ್ಕು. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಕತ್ತಿಯ ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ ಇಟ್ಟು ಕೆಂಡದಲ್ಲಿ ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಇದನ್ನು ನೋಡಲು ಬಾಯಿಯಿಂದ ಬೆನ್ನಿನವರೆಗೆ ಒಂದು ಇಂಚು ಅಗಲದ ಪಟ್ಟಿಯನ್ನು ಎಮರಿಯಲ್ಲಿ ಬಿಳಿಯಾಗುವವರೆಗೆ ಉಜ್ಜಿ, ನಿಂಬೆರಸ ಸವರಿ ಐದರಿಂದ ಹತ್ತು ನಿಮಿಷ ಬಿಡಿ. ಉಕ್ಕಿನ ಭಾಗ ಬೂದುಗಪ್ಪಾಗುತ್ತದೆ, ಕಬ್ಬಿಣದ ಭಾಗ ಬೆಳ್ಳಗೆ ಉಳಿಯುತ್ತದೆ, ನಡುವೆ ಡೊಂಕುಡೊಂಕಾದ ಗೆರೆ ಕಾಣುತ್ತದೆ. ಹಳೆ ಪದ್ಧತಿಯ ಕಬ್ಬಿಣವಾದರೆ ಬೆಳ್ಳಗಿನ ಭಾಗದಲ್ಲಿ ಸೀಳಿದ ಮರದ ಎಳೆಗಳಂಥ ಸಣ್ಣ ಕಪ್ಪು ಗೀರುಗಳು ಉದ್ದಕ್ಕೂ ಓಡಿರುತ್ತವೆ. ಅದು ಕಬ್ಬಿಣದೊಳಗೆ ಉಳಿದ ಕಿಟ್ಟ. ಕಾರ್ಖಾನೆಯ ಈಗಿನ ಉಕ್ಕಿನಲ್ಲಿ ಈ ಎಳೆ ಕಾಣುವುದಿಲ್ಲ. ನೋಡಿದ ಕೂಡಲೇ ಸೋಡಾ ನೀರಿನಲ್ಲಿ ಒರಸಿ, ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಿ. ಹುಳಿ ಉಳಿದರೆ ಮರುದಿನವೇ ಅಲ್ಲಿ ಕೆಂಪು ತುಕ್ಕು ಏಳುತ್ತದೆ. ಎಳೆ ಮತ್ತು ಗೆರೆ ಎರಡೂ ಸ್ಪಷ್ಟವಾಗಿ ಕಾಣುವ ಕತ್ತಿಗೆ ಈ ಅಂಗಡಿಯಲ್ಲಿ ಹೇಳುವ ನಾನೂರು ರೂಪಾಯಿ ತೀರಾ ಕಡಿಮೆ. ಚೌಕಾಸಿ ಮಾಡದೆ ಕೊಟ್ಟು ತನ್ನಿ.

ಮೂರನೆಯದು ಸವೆತ. ವರ್ಷಾನುಗಟ್ಟಲೆ ಮಸೆದ ಕತ್ತಿಯ ಬಾಯಿ ನಡುವಿನಲ್ಲಿ ಒಳಸರಿದಿರುತ್ತದೆ. ಹಿಡಿಯ ಬುಡದಲ್ಲಿ ಕಲ್ಲು ತಾಗದ ಅರ್ಧ ಇಂಚು ಜಾಗ ಮೆಟ್ಟಿಲಿನ ಹಾಗೆ ಹೊರಗೆ ಉಳಿದಿರುತ್ತದೆ. ಆ ಮೆಟ್ಟಿಲಿನಿಂದ ಮೂಲ ಅಗಲ ಎಷ್ಟಿತ್ತೆಂದು ಅಂದಾಜು ಮಾಡಬಹುದು. ಹಳೆಯದೆಂದು ಹೇಳುವ ಕತ್ತಿಯಲ್ಲಿ ಈ ಮೆಟ್ಟಿಲೂ ಇಲ್ಲ, ತುಕ್ಕು ಮಾತ್ರ ಮೈತುಂಬ ಒಂದೇ ಬಣ್ಣದಲ್ಲಿ, ಒಂದೇ ಆಳದ ಕುಳಿಗಳಾಗಿ ಹಬ್ಬಿದೆ ಎಂದಾದರೆ ಉಪ್ಪು ಅಥವಾ ಆಸಿಡ್ ಹಾಕಿ ಬರಿಸಿದ ತುಕ್ಕೆಂದು ಅನುಮಾನಿಸಿ. ತಾನಾಗಿ ಬಂದ ತುಕ್ಕಿಗೆ ಏರುಪೇರು ಇರುತ್ತದೆ: ಹಿಡಿಯ ಸಂದು, ಒರೆಯ ಬಾಯಿ ತಾಗುವ ಜಾಗ, ಗೋಡೆಗೆ ಒರಗಿದ ಮಗ್ಗುಲು ಹೆಚ್ಚು ತಿಂದಿರುತ್ತದೆ, ಉಳಿದ ಕಡೆ ಗಟ್ಟಿಯಾದ ಕಪ್ಪು ಪದರ ಕೂತಿರುತ್ತದೆ. ಹಿಡಿಯ ಬಳೆಯ ಸಂದಿನಲ್ಲಿ ಎಣ್ಣೆಗೆ ಹತ್ತಿ ಗಟ್ಟಿಯಾದ ಕುಂಕುಮ, ಗಂಧ ಸಿಕ್ಕಿದರೆ ಕೆರೆದು ತೆಗೆಯಬೇಡಿ. ಆಯುಧಪೂಜೆಗೆ ಇಟ್ಟ ಗುರುತು ಅದು.

ಹಿಡಿಯನ್ನೂ ನೋಡಿ. ಕತ್ತಿಯ ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ಇಳಿಸಿದ್ದರೆ ತೂತಿನ ಸುತ್ತ ಸುಟ್ಟ ಕಪ್ಪು ಇರುತ್ತದೆ. ಅರಗು ತುಂಬಿ ಕೂರಿಸಿದ್ದರೆ ಸಂದಿನಲ್ಲಿ ಕಂದು ಗಾಜಿನಂಥ ಪದಾರ್ಥ ಕಾಣುತ್ತದೆ. ಬೂದುಬಣ್ಣದ ಎಂ-ಸೀಲ್ ಕಂಡರೆ ಹಿಡಿ ಇತ್ತೀಚಿನದು. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದಿದ್ದರೆ ಆ ಜೋಡಣೆ ಅದಕ್ಕಿಂತ ಹಿಂದಿನದ್ದಲ್ಲ. ಹಿತ್ತಾಳೆ ಬಳೆಗೆ ಅಯಸ್ಕಾಂತ ಅಂಟಿದರೆ ಅದು ಹಿತ್ತಾಳೆ ಮುಲಾಮಿನ ಕಬ್ಬಿಣ. ಹಿಡಿ ಬದಲಾದದ್ದೆಲ್ಲ ಮೋಸ ಎಂದಲ್ಲ. ಕೆಲಸದ ಕತ್ತಿಗೆ ಹಿಡಿ ಬದಲಾಗುತ್ತಲೇ ಇರುತ್ತದೆ. ಬುಡದ ಹತ್ತಿರ ವಿದ್ಯುತ್ ವೆಲ್ಡಿಂಗಿನ ಗಂಟು ಕಂಡರೆ ಮಾತ್ರ ಬಿಟ್ಟುಬಿಡಿ. ಆ ಶಾಖಕ್ಕೆ ಸುತ್ತಲಿನ ಹದ, ಅಂದರೆ ಕಾಯಿಸಿ ತಣಿಸಿ ಕೊಟ್ಟ ಗಡಸು, ಹೋಗಿರುತ್ತದೆ.

ದೋಟಿಕತ್ತಿ ಈ ರಾಶಿಯಲ್ಲಿ ಎಲ್ಲರೂ ದಾಟಿ ಹೋಗುವ ವಸ್ತು, ಮತ್ತು ಇಲ್ಲಿ ತೆಗೆಯಲು ಅತ್ಯಂತ ಯೋಗ್ಯವಾದದ್ದು. ಬಿದಿರಿನ ಗಳಕ್ಕೆ ಸಿಕ್ಕಿಸುವ ಅದರ ಕೊಳವೆ ನೋಡಿ. ಹಳೆಯದರಲ್ಲಿ ಕತ್ತಿಯ ಬುಡವನ್ನೇ ತೆಳುವಾಗಿ ಬಡಿದು, ಅಗಲಿಸಿ, ಎಲೆ ಸುರುಳಿ ಸುತ್ತಿದಂತೆ ಸುತ್ತಿರುತ್ತಾರೆ. ಅಂಚಿನ ಮೇಲೆ ಅಂಚು ಕೂತ ಸಂದು ಉದ್ದಕ್ಕೂ ಕಾಣುತ್ತದೆ, ಕೊಳವೆಯ ಬಾಯಿ ಪೂರ್ತಿ ದುಂಡಗಿರುವುದಿಲ್ಲ, ಮೊಳೆ ಹೊಡೆಯುವ ತೂತು ಚಾಣದಲ್ಲಿ ತಟ್ಟಿದ್ದರಿಂದ ಒಳಗಡೆ ಅಂಚು ಹರಿದು ಎದ್ದಿರುತ್ತದೆ. ಹೊಸದರಲ್ಲಿ ಕೊಳವೆ ಎಂದರೆ ಕತ್ತರಿಸಿದ ಪೈಪು, ವೆಲ್ಡ್ ಮಾಡಿದ್ದು, ತೂತು ಡ್ರಿಲ್ಲಿನದು. ಒಂದೇ ಕಬ್ಬಿಣದಲ್ಲಿ ಬಾಗು, ಬಾಯಿ, ಕೊಳವೆ ಮೂರನ್ನೂ ಎಳೆದು ತೆಗೆಯುವ ಕೈ ಈಗ ಅಪರೂಪ. ಅಂಥದ್ದು ಕಂಡರೆ ಬಾಯಿ ಮುರಿದಿದ್ದರೂ ತೆಗೆದುಕೊಳ್ಳಿ.

ಮೂರ್ತೆಯ ಕತ್ತಿಯನ್ನು ಗುರುತಿಸುವುದು ಅದರ ಅಗಲದಿಂದ ಮತ್ತು ಬಾಯಿಯ ಹೊಳಪಿನಿಂದ. ಅದನ್ನು ಹರಿತ ಮಾಡುವುದು ಮರದ ಹಲಗೆಯ ಮೇಲೆ ಬಿಳಿ ಬೆಣಚುಕಲ್ಲಿನ ಪುಡಿ ಹಾಕಿ. ಹಾಗಾಗಿ ಭೂತಗನ್ನಡಿಯಲ್ಲಿ ಸಾಣೆಯ ಒರಟು ಗೀರು ಕಾಣದೆ ಕನ್ನಡಿಯಂಥ ನಯ ಕಾಣಬೇಕು. ಹೊಂಬಾಳೆ ಬಡಿಯುವ ಎಲುಬನ್ನೂ ಜೊತೆಗೆ ಸೇರಿಸಿ ಸೆಟ್ ಎಂದು ಕೊಡುತ್ತಾರೆ. ಎಲುಬು ಯಾವ ಪ್ರಾಣಿಯದ್ದೆಂದು ಖಚಿತವಾಗದಿದ್ದರೆ ಕತ್ತಿ ಮಾತ್ರ ಸಾಕು. ಕಡವೆ ಕೊಂಬು, ದಂತದ ಹಿಡಿ ಇರುವ ಯಾವುದನ್ನೂ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳ ವ್ಯಾಪಾರ ಅಪರಾಧ, ವಸ್ತು ಎಷ್ಟು ಹಳೆಯದಾದರೂ ಅಷ್ಟೇ.

ಅಡಕತ್ತರಿಗಳು ಸಾಧಾರಣ. ಹಿತ್ತಾಳೆಯವುಗಳಲ್ಲಿ ಹೆಚ್ಚಿನವು ಹೊಸ ಎರಕ. ತಿರುಗಣಿ ಮೊಳೆ ಸವೆದು ಸಡಿಲವಾಗಿದೆಯೇ (ಹಳೆಯದರ ಗುರುತು), ಅಚ್ಚಿನ ಗೆರೆ ಉಳಿದಿದೆಯೇ (ಹೊಸದರ ಗುರುತು) ಎಂದಷ್ಟೇ ನೋಡಿದರೆ ಸಾಕು.

ಇನ್ನು ಗಾಜಿನ ಕಪಾಟು. ಬೇಕಲ, ಚಂದ್ರಗಿರಿ, ಆರಿಕ್ಕಾಡಿ ಕೋಟೆಗಳು ಹತ್ತಿರವೇ ಇರುವುದರಿಂದ 'ಇಕ್ಕೇರಿ ನಾಯಕರ ಕಾಲದ್ದು', 'ಟಿಪ್ಪು ಸೈನ್ಯದ್ದು' ಎಂದು ಕತೆ ಕಟ್ಟುವುದು ಸುಲಭ. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಖಡ್ಗವೊಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋದ ಸುದ್ದಿಯ ಕತ್ತರಿಕೆಯೂ ಕಪಾಟಿಗೆ ಅಂಟಿಸಿದೆ. ಕಪಾಟಿನ ತಲವಾರುಗಳಿಗೆ ಎರಕದ ಹಿತ್ತಾಳೆ ಹಿಡಿ, ಹುಲಿ ತಲೆ, ಅಲಗಿನ ಮೇಲೆ ಅಲೆಯಲೆಯಾದ ಚಿತ್ತಾರ. ಮೂಸೆಯಲ್ಲಿ ಕರಗಿಸಿ ಮಾಡಿದ ನಿಜವಾದ ಹಳೆ ಉಕ್ಕಿನಲ್ಲಿ ಆ ಅಲೆ ಲೋಹದೊಳಗೇ ಇರುತ್ತದೆ. ಬೆನ್ನಿನ ಮೇಲೂ ಮುಂದುವರಿಯುತ್ತದೆ, ಉಜ್ಜಿ ಅಳಿಸಿದರೂ ಆಸಿಡ್ ಸವರಿದಾಗ ಮತ್ತೆ ಏಳುತ್ತದೆ. ಮೇಲ್ಮೈಗೆ ಕೊರೆದದ್ದು ಬೆನ್ನಿನ ಅಂಚಿನಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ, ಎಮರಿಗೆ ಹೋದದ್ದು ಹೋಯಿತು. ಕಪಾಟಿನ ಮಾಲನ್ನು ಉಜ್ಜಿ ನೋಡಲು ಬಿಡುವುದಿಲ್ಲ. ಹದಿನೈದು ಸಾವಿರ ಕೇಳುವ ವಸ್ತುವಿನ ಬೆನ್ನನ್ನಾದರೂ ಭೂತಗನ್ನಡಿಯಲ್ಲಿ ತೋರಿಸದಿದ್ದರೆ ಆ ಮಾತು ಅಲ್ಲಿಗೇ ಬಿಡಿ.

ಕಪಾಟಿನ ಕೆಳಗಿನ ಅಂಕಣದಲ್ಲಿ ಮಾತ್ರ ಒಳ್ಳೆಯ ಎರಡು ಬಗೆ ಇವೆ. ಒಂದು, ಲೀ ಎನ್‌ಫೀಲ್ಡ್ ಬಂದೂಕಿಗೆ ಹಾಕುತ್ತಿದ್ದ 1907ರ ಮಾದರಿಯ ಬಯೋನೆಟ್. ಮೂಲ ಅಲಗು 17 ಇಂಚು. ಭಾರತದಲ್ಲಿ ಅದನ್ನು 12 ಇಂಚಿಗೆ ತುಂಡು ಮಾಡಿದ್ದೂ ಇದೆ, ಹಾಗೇ ಹೊಸದಾಗಿ ಮಾಡಿದ್ದೂ ಇದೆ. ಬಂಗಾಳದ ಇಚ್ಛಾಪುರ ರೈಫಲ್ ಕಾರ್ಖಾನೆಯದ್ದಾದರೆ ಹಿಡಿಯ ಹತ್ತಿರದ ಚಪ್ಪಟೆ ಜಾಗದಲ್ಲಿ 'ಆರ್‌ಎಫ್‌ಐ' ಮುದ್ರೆ ಸಿಗುತ್ತದೆ. ಇನ್ನೊಂದು, ಗಡಿಯಾಚೆಯ ಕೊಡಗಿನ ಒಡಿಕತ್ತಿ. ಅದರ ಬಾಯಿ ಬಾಗಿನ ಒಳಮೈಯಲ್ಲಿರಬೇಕು, ತುದಿಯ ಕಡೆ ಅಗಲ ಹೆಚ್ಚಬೇಕು. ಅದಕ್ಕೆ ಒರೆ ಇರುವುದಿಲ್ಲ, ಬೆನ್ನಹಿಂದೆ ಹಿತ್ತಾಳೆಯ ತೋಡಂಗಕ್ಕೆ ಸಿಕ್ಕಿಸುವುದು ಕ್ರಮ. ಹೊರಬಾಗಿಗೆ ಬಾಯಿ ಇರುವುದನ್ನೂ ಒಡಿಕತ್ತಿ ಎಂದು ಇಟ್ಟಿದ್ದಾರೆ, ಜಾಗ್ರತೆ.

ಅಂಗಡಿಯವರನ್ನು ಮನಸಾರೆ ಮೆಚ್ಚಬೇಕಾದ ವಿಷಯವೊಂದಿದೆ. ದೈವದ ಭಂಡಾರದ ಕಡ್ಸಲೆ (ದೈವದ ಖಡ್ಗ), ತೆಯ್ಯಂನ ವಾಳು (ಅದೂ ಖಡ್ಗವೇ), ಕಾಲಿನ ಗಗ್ಗರ ಯಾರು ತಂದರೂ ಕೊಳ್ಳುವುದಿಲ್ಲ. ಅಂಥವು ಮನೆತನದ ಅಥವಾ ಊರಿನ ಸೊತ್ತು, ಕಳವಿನದ್ದಾಗಿದ್ದರೆ ತಿಳಿದೂ ಕೊಂಡವನಿಗೂ ಶಿಕ್ಷೆಯಿದೆ. ಬೇರೆ ಕಡೆ ಸಿಕ್ಕಿದರೂ ತೆಗೆದುಕೊಳ್ಳಬೇಡಿ.

ಕಾನೂನಿನ ಮಾತು. ಆಯುಧ ಕಾಯ್ದೆಯಡಿಯ 2016ರ ನಿಯಮಗಳಲ್ಲಿ ಖಡ್ಗ, ಬಯೋನೆಟ್, ಕಠಾರಿ ಮತ್ತು 9 ಇಂಚಿಗಿಂತ ಉದ್ದದ ಇಲ್ಲವೇ 2 ಇಂಚಿಗಿಂತ ಅಗಲದ ಅಲಗುಗಳು ಪಟ್ಟಿಯಲ್ಲಿವೆ. ಕೃಷಿಗೆ, ಮನೆಬಳಕೆಗೆಂದೇ ಮಾಡಿದವು ಹೊರಗಿವೆ. ದೋಟಿಕತ್ತಿ ಕೊಂಡರೂ ಬಿಲ್ಲಿನಲ್ಲಿ 'ಹಳೆ ಕೃಷಿ ಉಪಕರಣ' ಎಂದು ಬರೆಸಿ, ಬಾಯಿಗೆ ರಟ್ಟು ಕಟ್ಟಿ, ಗೋಣಿಯಲ್ಲಿ ಸುತ್ತಿ ಒಯ್ಯಿರಿ. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವವರಿಗೆ ಇದು ಮುಖ್ಯ. ಪಟ್ಟಿಯಲ್ಲಿರುವ ಆಯುಧವಾದರೆ ನಿಮ್ಮ ಊರಿನಲ್ಲಿ ಪರವಾನಗಿ ಬೇಕೇ ಎಂದು ಠಾಣೆಯಲ್ಲಿ ವಿಚಾರಿಸಿಯೇ ದುಡ್ಡು ಕೊಡಿ. ನೂರು ವರ್ಷ ದಾಟಿದ್ದು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರಬಹುದು. ಅಂಥದ್ದನ್ನು ವಿದೇಶದಲ್ಲಿರುವ ನೆಂಟರಿಗೆ ಕಳಿಸುವಂತಿಲ್ಲ.

ಈಗ ಅಂಗಡಿಯ ದೊಡ್ಡ ದೋಷ. ಗಿರಾಕಿ ಆಸಕ್ತಿ ತೋರಿಸಿದ ತಕ್ಷಣ 'ಪಾಲಿಶ್ ಮಾಡಿಕೊಡುತ್ತೇವೆ' ಎಂದು ಗ್ರೈಂಡರಿಗೆ ತಂತಿ ಚಕ್ರ ಹಾಕುತ್ತಾರೆ. ಎರಡು ನಿಮಿಷದಲ್ಲಿ ಕಪ್ಪು ಪದರ, ಸುತ್ತಿಗೆಯ ಗುರುತು, ಮುದ್ರೆ, ಕುಂಕುಮ ಎಲ್ಲ ಹೋಗಿ ಕತ್ತಿ ಸ್ಟೀಲ್ ತಟ್ಟೆಯ ಬಣ್ಣಕ್ಕೆ ಬರುತ್ತದೆ. ಕಲ್ಲಿನ ಚಕ್ರಕ್ಕೆ ಬಾಯಿ ಕೊಟ್ಟರೆ ಇನ್ನೂ ಕೆಟ್ಟದು. ಅಂಚು ನೀಲಿಗೆ ತಿರುಗಿತೆಂದರೆ ಅಲ್ಲಿ ಸುಮಾರು 300 ಡಿಗ್ರಿ ಶಾಖ ಆಗಿದೆ, ಬಾಯಿಯ ಹದ ಇಳಿದಿದೆ ಎಂದೇ ಲೆಕ್ಕ. ಗಡಸು ಬಾಯಿಯ ಮೇಲೆ ಜಾರಬೇಕಾದ ಅರ ಆಮೇಲೆ ಅದನ್ನು ಕಚ್ಚುತ್ತದೆ. ಮೊದಲೇ 'ಇದ್ದ ಹಾಗೇ ಕೊಡಿ, ಏನೂ ಮಾಡಬೇಡಿ' ಎಂದು ಹೇಳಿಬಿಡಿ. ಈ ಒಂದು ಅಭ್ಯಾಸಕ್ಕೇ ಐದರಲ್ಲಿ ಒಂದೂವರೆ ಅಂಕ ಕಳೆಯಬೇಕು. ಉಳಿದ ಮೂರೂವರೆ ಹಿಂದಿನ ಮಾಡಿನ ರಾಶಿಗೆ.

ಮನೆಯಲ್ಲಿ ಮಾಡುವುದು ಕಡಿಮೆಯೇ ಇರಲಿ. ಒಂದು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಅತಿ ನಯದ ಸ್ಟೀಲ್ ವುಲ್‌ನಿಂದ ಕೆಂಪು ತುಕ್ಕನ್ನಷ್ಟೇ ತೆಗೆಯಿರಿ, ಕಪ್ಪನ್ನು ಬಿಡಿ. ಮರದ ಹಿಡಿ ಮುಳುಗಬಾರದು. ಕೆಂಪು ಮತ್ತೆ ಮತ್ತೆ ಏಳುವ ಕತ್ತಿಗೆ, ಐವತ್ತು ಗ್ರಾಂ ಅಣಲೆಕಾಯಿ ಜಜ್ಜಿ ಅರ್ಧ ಲೀಟರ್ ನೀರಿನಲ್ಲಿ ಕುದಿಸಿ ಸೋಸಿದ ಕಷಾಯವನ್ನು ಬ್ರಷ್ಷಿನಲ್ಲಿ ಎರಡು ಸಲ ಹಚ್ಚಿ ಒಣಗಿಸಿದರೆ, ಅದರ ಒಗರು ತುಕ್ಕಿನ ಜೊತೆ ಸೇರಿ ನೀಲಿಗಪ್ಪು ಪದರವಾಗುತ್ತದೆ. ಮುದ್ರೆ, ಅಕ್ಷರ ಇರುವ ಅಲಗಿಗೆ ಇದೂ ಬೇಡ, ಎಣ್ಣೆ ಸಾಕು. ತೆಂಗಿನೆಣ್ಣೆ ಕನರಿ ಅಂಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ಚರ್ಮದ ಒರೆಯೊಳಗೆ ಕತ್ತಿ ಇಡಲೇಬೇಡಿ. ಕರಾವಳಿಯ ಗಾಳಿಯ ಉಪ್ಪು, ತೇವ ಎರಡನ್ನೂ ಚರ್ಮ ಹಿಡಿದಿಟ್ಟುಕೊಂಡು ಅಲಗನ್ನು ಒಳಗಿಂದಲೇ ತಿನ್ನುತ್ತದೆ.

ಹೋಗುವುದಾದರೆ ಮಾರ್ಚ್‌ನಿಂದ ಮೇ ಒಳಗೆ ಹೋಗಿ. ಮಳೆಗೆ ಮುಂಚೆ ಹಳೆ ಮನೆ ಕಳಚುವವರ ಮಾಲು ಆಗ ಬರುತ್ತದೆ. ಜೂನ್ ಆದ ಮೇಲೆ ಹಿಂದಿನ ಮಾಡು ಸೋರಿ ರಾಶಿಯ ಕೆಳಗಿನದಕ್ಕೆಲ್ಲ ಹೊಸ ತುಕ್ಕು ಹಿಡಿಯುತ್ತದೆ, ಹಳೆಯದು ಹೊಸದು ಬೇರ್ಪಡಿಸುವುದು ಕಷ್ಟ. ಭಾನುವಾರ ರಜೆ. ಕೈಗೆ ದಪ್ಪ ಗ್ಲೌಸ್ ಹಾಕಿಯೇ ರಾಶಿಗೆ ಕೈಯಿಡಿ, ಕೋಳಿ ಅಂಕದಲ್ಲಿ ಕೋಳಿಯ ಕಾಲಿಗೆ ಕಟ್ಟುವ ಹರಿತ ಬಾಳುಗಳೂ ಅದರೊಳಗೆ ಬಿದ್ದಿರುತ್ತವೆ.